ಚಂದಾ ಪುಸ್ತಕ ನಿಮ್ಮ ಕೈಯಲ್ಲಿರಲಿ

ಅಕ್ಕಂದಿರೇ,

ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಯ ಹೆಣ್ಣುಮಕ್ಕಳಿಗೆ ಒಂದು ರೂಪಾಯಿ ಶುಲ್ಕವಿಲ್ಲದೆ ಉದ್ಯೋಗ ತರಬೇತಿ ಕೊಡುವ ಸ್ವಯಂಸೇವಾ ಸಂಸ್ಥೆಯೊಂದು ನಮ್ಮ ಭಾಗದಲ್ಲಿ ಕೆಲಸ ಮಾಡುತ್ತಿದೆ. ನಿಮ್ಮಲ್ಲಿ ಕೆಲವರ ಮಕ್ಕಳು ಅಲ್ಲಿಗೆ ಹೋಗಿ ಬಂದಿದ್ದಾರೆ. ಮೂರು ತಿಂಗಳು ಅಲ್ಲೇ ಉಳಿದು ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವುದು, ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವುದು, ಹೊಲಿಗೆ ಇಂಥವನ್ನು ಕಲಿಯುತ್ತಾರೆ. ಈ ಸಂಸ್ಥೆಯವರು ಹೋದ ತಿಂಗಳು ನನ್ನ ಬಳಿ ಬಂದಿದ್ದರು. ಹಾಸ್ಟೆಲ್ಲಿನ ಖರ್ಚು ಕೊಡುತ್ತಿದ್ದ ಪೇಟೆಯ ದಾನಿ ಈ ವರ್ಷದಿಂದ ನಿಲ್ಲಿಸಿದ್ದಾರಂತೆ. ಮುಂದಿನ ತಂಡದ ಊಟ ವಸತಿಗೆ ಈ ಭಾಗದಲ್ಲೇ ಹಣ ಎತ್ತಬೇಕು, ಅದರ ಮುಂದಾಳತ್ವ ನೀವು ವಹಿಸಿಕೊಳ್ಳಿ ಎಂದು ನನ್ನನ್ನು ಕೇಳಿದರು. ನೀವು ಹಳ್ಳಿ ಹಳ್ಳಿ ಸುತ್ತುತ್ತೀರಿ, ಎಲ್ಲ ಡೇರಿಗಳಲ್ಲೂ ನಿಮ್ಮ ಪರಿಚಯ ಇದೆ, ನೀವು ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ ಅಂದರು.

ಆ ಕೊನೆಯ ಮಾತಿಗೇ ನಾನು ಆಗುವುದಿಲ್ಲ ಎಂದೆ.

ರಾತ್ರಿ ಹನ್ನೊಂದಕ್ಕೆ ಕರು ಅಡ್ಡ ಸಿಕ್ಕಿಕೊಂಡಿದೆ, ಬೇಗ ಬನ್ನಿ ಡಾಕ್ಟ್ರಮ್ಮ ಅಂತ ನೀವು ನನಗೆ ಫೋನ್ ಮಾಡುತ್ತೀರಿ. ಮಾರನೆಯ ದಿನ ನಾನೇ ಚಂದಾ ಪುಸ್ತಕ ಹಿಡಿದು ನಿಮ್ಮ ಜಗಲಿಯ ಮೇಲೆ ಕೂತರೆ, ಇಲ್ಲ ಅನ್ನುವುದಕ್ಕೆ ನಿಮಗೆ ಬಾಯಿ ಬರುತ್ತದೆಯೇ? ಮನೆಯಲ್ಲಿ ಬೂಸಾಕ್ಕೆ ಕಾಸಿಲ್ಲದಿದ್ದರೂ ಪಕ್ಕದ ಮನೆಯಲ್ಲಿ ಕೈಸಾಲ ತಂದು ಕೊಡುತ್ತೀರಿ. ನಾಳೆ ಮತ್ತೆ ಹಸುವಿಗೆ ಏನಾದರೂ ಆದರೆ ಈ ಡಾಕ್ಟ್ರು ಬರಬೇಕಲ್ಲ ಅನ್ನುವ ಲೆಕ್ಕ ಅದರೊಳಗೆ ಇರುತ್ತದೆ. ಹಾಗೆ ಬಂದ ದುಡ್ಡನ್ನು ನಾನು ದಾನ ಅಂತ ಕರೆಯಲಾರೆ. ಮದ್ದು ಕೊಡುವ ಕೈ ಚಂದಾ ಕೇಳಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಿಮ್ಮ ಸಂಘದ ಕಾರ್ಯದರ್ಶಿಗೂ ಇದೇ ಮಾತು. ಫ್ಯಾಟು ಹಿಡಿದು ಚೀಟಿ ಬರೆಯುವವರು ಬಂದು ಚಂದಾ ಕೇಳಿದರೆ, ಕೊಡದಿದ್ದವರಿಗೆ ಮಾರನೆಯ ದಿನ ಫ್ಯಾಟು ಒಂದು ಪಾಯಿಂಟು ಕಡಿಮೆ ಬಂದಾಗ ಏನನ್ನಿಸುತ್ತದೆ? ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ಅನುಮಾನ ಅಂತೂ ಹುಟ್ಟುತ್ತದೆ. ಇನ್ನು ಚುನಾವಣೆಗೆ ನಿಲ್ಲುವ ಯಾರಾದರೂ ಮುಂದಾಳಾದರೆ ಅದು ತರಬೇತಿಯ ಹಣವಾಗಿ ಉಳಿಯುವುದಿಲ್ಲ, ಫ್ಲೆಕ್ಸಿನ ಹಣವಾಗುತ್ತದೆ.

ಹಾಗಾದರೆ ಯಾರು? ಹಾಲು ಹಾಕುವ ನೀವೇ. ನಿಮ್ಮಲ್ಲಿ ಮೂರ್ನಾಲ್ಕು ಜನ ಸೇರಿ ಈ ಭಾಗದ ಹಣ ಸಂಗ್ರಹದ ಮುಂದಾಳತ್ವ ಹಿಡಿಯಬೇಕು ಎಂದು ಹೇಳುವುದಕ್ಕೇ ಈ ತಿಂಗಳ ಪುಟ ಕೇಳಿ ಪಡೆದಿದ್ದೇನೆ. ಕೆಚ್ಚಲು ಬಾವಿನ ಬಗ್ಗೆ ಮುಂದಿನ ತಿಂಗಳು ಬರೆಯುತ್ತೇನೆ.

ಸರ್ಕಾರ ಮಾಡಬೇಕಾದ ಕೆಲಸಕ್ಕೆ ನಾವು ಯಾಕೆ ದುಡ್ಡು ಕೊಡಬೇಕು ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಸರ್ಕಾರದ ಕಡೆಯಿಂದ ಇರುವುದನ್ನು ಮೊದಲು ಬಳಸಿಕೊಳ್ಳಿ ಎಂದೇ ನಾನೂ ಹೇಳುತ್ತೇನೆ. 1982ರಲ್ಲಿ ಧರ್ಮಸ್ಥಳದ ಹತ್ತಿರ ಉಜಿರೆಯಲ್ಲಿ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆ ಶುರುವಾಯಿತು. ಧರ್ಮಸ್ಥಳದ ಶಿಕ್ಷಣ ಟ್ರಸ್ಟು ಮತ್ತು ಬ್ಯಾಂಕುಗಳು ಕೈ ಸೇರಿಸಿ ಕಟ್ಟಿದ್ದು ಅದು. ಹಳ್ಳಿಯ ಯುವಕ ಯುವತಿಯರನ್ನು ಕೆಲವು ವಾರ ಅಲ್ಲೇ ಇರಿಸಿಕೊಂಡು, ಊಟ ಹಾಕಿ, ಕಸುಬು ಕಲಿಸಿ, ಆಮೇಲೆ ಬ್ಯಾಂಕಿನ ಸಾಲಕ್ಕೂ ದಾರಿ ತೋರಿಸುವ ಆ ಪದ್ಧತಿ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಅದನ್ನೇ ಮಾದರಿಯಾಗಿಟ್ಟುಕೊಂಡು ಜಿಲ್ಲೆಗೊಂದರಂತೆ ದೇಶದ ಉದ್ದಕ್ಕೂ ಆರ್‌ಸೆಟಿ ಎಂಬ ಕೇಂದ್ರಗಳನ್ನು ಮಾಡಿತು. ನಮ್ಮ ಕನ್ನಡ ನಾಡಿನಿಂದ ದೇಶಕ್ಕೆ ಹೋದ ಮಾದರಿ ಅದು. ಅಲ್ಲಿ ಹೈನುಗಾರಿಕೆ ಮತ್ತು ಎರೆಗೊಬ್ಬರಕ್ಕೇ 10 ದಿನದ ತರಬೇತಿ ಇದೆ. ನಿಮ್ಮಲ್ಲಿ ಯಾರಿಗಾದರೂ ಸಾಲ ತೆಗೆದು ಇನ್ನೆರಡು ಹಸು ಕಟ್ಟುವ ಯೋಚನೆ ಇದ್ದರೆ ಮೊದಲು ಅಲ್ಲಿಗೆ ಹೋಗಿ ಬನ್ನಿ. ಅದಕ್ಕೆ ಯಾರೂ ಚಂದಾ ಎತ್ತಬೇಕಿಲ್ಲ.

ಆದರೆ ಆರ್‌ಸೆಟಿಗಳು ಮುಖ್ಯವಾಗಿ ಸ್ವಂತ ಉದ್ಯೋಗ ಮಾಡುವವರಿಗೆ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿರುವ, ಸ್ವಂತಕ್ಕೆ ಅಂಗಡಿ ಇಡುವ ಬಂಡವಾಳವಾಗಲಿ ಧೈರ್ಯವಾಗಲಿ ಇಲ್ಲದ, ತಿಂಗಳ ಸಂಬಳದ ಕೆಲಸ ಬೇಕೆನ್ನುವ ಹುಡುಗಿಗೆ ಬೇರೆಯದೇ ತರಬೇತಿ ಬೇಕು. ಅದಕ್ಕೂ 2014ರಲ್ಲಿ ದೀನದಯಾಳ್ ಉಪಾಧ್ಯಾಯರ ಹೆಸರಿನ ಗ್ರಾಮೀಣ ಕೌಶಲ್ಯ ಯೋಜನೆ ಬಂತು, ಒಳ್ಳೆಯದೇ. ಆದರೆ ಕೇಂದ್ರ ಇರುವ ಊರು, ಅವರು ಕಲಿಸುವ ವಿಷಯ, ನಮ್ಮ ಹುಡುಗಿಯ ಇಷ್ಟ, ಮನೆಯವರ ಒಪ್ಪಿಗೆ ಈ ನಾಲ್ಕೂ ಒಂದೇ ಕಡೆ ಕೂಡಿ ಬರುವುದು ಕಷ್ಟ. ಆ ಸಂದಿಯಲ್ಲಿ ಕೆಲಸ ಮಾಡುವುದು ಇಂಥ ಸಣ್ಣ ಸ್ವಯಂಸೇವಾ ಸಂಸ್ಥೆಗಳು.

ದೊಡ್ಡ ಕಂಪನಿಗಳು ಕೊಡಬಹುದಲ್ಲ ಎಂಬ ಮಾತೂ ಇದೆ. 2013ರ ಕಂಪನಿ ಕಾಯ್ದೆಯ ಪ್ರಕಾರ, ಒಂದು ಮಟ್ಟಕ್ಕಿಂತ ದೊಡ್ಡದಾದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಉದ್ಯೋಗ ತರಬೇತಿಯೂ ಆ ಪಟ್ಟಿಯಲ್ಲಿದೆ. ಆದರೆ ಅದೇ ಕಾಯ್ದೆ, ಕಂಪನಿ ತಾನಿರುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಎನ್ನುತ್ತದೆ. ನಮ್ಮ ಜಿಲ್ಲೆಯಲ್ಲಿ ಕಾರ್ಖಾನೆಗಳು ಸಾಲುಗಟ್ಟಿರುವುದು ವಸಂತನರಸಾಪುರದಲ್ಲಿ. ಅಲ್ಲಿಂದ ದೂರ ಹೋದಷ್ಟೂ ಆ ಹಣ ತೆಳ್ಳಗಾಗುತ್ತದೆ, ಕಾಲುವೆಯ ಕೊನೆಯ ಗದ್ದೆಗೆ ನೀರು ಬಂದ ಹಾಗೆ. ಸಂಸ್ಥೆಯವರು ಅರ್ಜಿ ಹಾಕಬೇಕು, ಹಾಕಲಿ. ಆದರೆ ಕೊಡುವ ಕಂಪನಿ ಇವತ್ತು ತರಬೇತಿ ಅನ್ನುತ್ತದೆ, ನಾಳೆ ಗಿಡ ನೆಡುವುದು ಅನ್ನುತ್ತದೆ. ಒಬ್ಬರೇ ದಾನಿಯನ್ನು ನಂಬಿದ ಹಾಸ್ಟೆಲ್ಲಿಗೆ ಏನಾಯಿತು ಎಂದು ಈಗ ಕಣ್ಣ ಮುಂದೆಯೇ ಇದೆ. ಒಂದೇ ಹಸು ಕಟ್ಟಿದ ಮನೆಯಲ್ಲಿ ಅದು ಗಬ್ಬದ ಕೊನೆಗೆ ಹಾಲು ಬಿಟ್ಟಾಗ ಬಟವಾಡೆಯೇ ನಿಂತುಹೋಗುತ್ತದಲ್ಲ, ಹಾಗೆ.

ನೂರು ಕಡೆಯಿಂದ ಬರುವ ಸಣ್ಣ ದುಡ್ಡಿನ ಬಲ ಏನೆಂದು ಹಾಲಿನವರಿಗೆ ಹೊಸದಾಗಿ ಹೇಳಬೇಕಿಲ್ಲ. ಅರ್ಧ ಲೀಟರು, ಎರಡು ಲೀಟರು ಸೇರಿ ಟ್ಯಾಂಕರು ತುಂಬುವುದನ್ನು ದಿನಾ ಎರಡು ಸಲ ನೋಡುತ್ತೀರಿ. ಆದರೂ ಒಂದು ಸಂಗತಿ ಹೇಳುತ್ತೇನೆ, ಗೊತ್ತಿಲ್ಲದವರಿಗಾಗಿ. 1976ರಲ್ಲಿ ಮಂಥನ ಎಂಬ ಹಿಂದಿ ಸಿನಿಮಾ ಬಂತು. ಶ್ಯಾಮ್ ಬೆನಗಲ್ ಅದರ ನಿರ್ದೇಶಕರು. ಹಳ್ಳಿಯೊಂದರಲ್ಲಿ ಹಾಲು ಸಹಕಾರ ಸಂಘ ಕಟ್ಟುವ ಕಥೆ. ಸಂಘ ಕಟ್ಟಲು ಬರುವ ಪಶುವೈದ್ಯ ಡಾಕ್ಟರ್ ರಾವ್ ಪಾತ್ರ ಮಾಡಿದವರು ನಮ್ಮ ಗಿರೀಶ್ ಕಾರ್ನಾಡರು. ನಾನು ಪಶುವೈದ್ಯಕೀಯ ಕಾಲೇಜಿಗೆ ಸೇರಿದ ಮೇಲೆ ಆ ಸಿನಿಮಾ ನೋಡಿದ್ದು, ಮೂರು ಸಲ. ಅದಕ್ಕೆ ಬಂಡವಾಳ ಹಾಕಿದ್ದು ಯಾವ ಸಾಹುಕಾರನೂ ಅಲ್ಲ. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು. 10 ಲಕ್ಷ ರೂಪಾಯಿ ಆಯಿತು, ಸಿನಿಮಾ ಆಯಿತು. ಬಿಡುಗಡೆಯಾದಾಗ ಇದು ನಮ್ಮ ಸಿನಿಮಾ ಅಂತ ಹಳ್ಳಿಗಳಿಂದ ಲಾರಿಗಳಲ್ಲಿ ಬಂದು ನೋಡಿದರು.

ಅದೇ ಗುಜರಾತಿನ ಖೇಡಾ ಜಿಲ್ಲೆಯ ಹಾಲು ಒಕ್ಕೂಟವನ್ನು ಕಟ್ಟಿ ಬೆಳೆಸಿದ ತ್ರಿಭುವನದಾಸ್ ಪಟೇಲರು ನಿವೃತ್ತರಾದಾಗ ಸದಸ್ಯರು ತಲಾ ಒಂದೊಂದು ರೂಪಾಯಿ ಸೇರಿಸಿ ಸುಮಾರು 6 ಲಕ್ಷ ರೂಪಾಯಿಯ ನಿಧಿ ಅರ್ಪಿಸಿದರು. ಅವರು ಅದನ್ನು ಮನೆಗೆ ಒಯ್ಯಲಿಲ್ಲ. ಹಳ್ಳಿಯ ತಾಯಂದಿರ, ಮಕ್ಕಳ ಆರೋಗ್ಯಕ್ಕಾಗಿ ಒಂದು ಪ್ರತಿಷ್ಠಾನ ಮಾಡಿದರು. ಆ ಕಾಲದಲ್ಲಿ ಸದಸ್ಯತ್ವ ಹೆಚ್ಚಾಗಿ ಗಂಡಸರ ಹೆಸರಿನಲ್ಲೇ ಇತ್ತು, ಹಾಲು ಕರೆಯುತ್ತಿದ್ದವರು ಹೆಂಗಸರು. ಇವತ್ತು ನಿಮ್ಮ ಮಹಿಳಾ ಸಂಘಗಳಲ್ಲಿ ಸದಸ್ಯತ್ವವೂ ನಿಮ್ಮದೇ, ಬಟವಾಡೆಯೂ ನಿಮ್ಮ ಖಾತೆಗೇ. ಚಂದಾ ಕೊಡುವ ತೀರ್ಮಾನವೂ ಎತ್ತುವ ಕೆಲಸವೂ ನಿಮ್ಮದಾಗಬಾರದೇಕೆ?

ನಮಗೆ ದುಡ್ಡು ಕೇಳಿ ಅಭ್ಯಾಸ ಇಲ್ಲ ಮೇಡಂ, ಊರಹಬ್ಬದ ಚಂದಾ ಎತ್ತುವುದು ಗಂಡಸರು ಎಂದು ಒಬ್ಬ ಅಕ್ಕ ಹೇಳಿದರು. ನನಗೆ ನಗು ಬಂತು. ಸ್ತ್ರೀಶಕ್ತಿ ಗುಂಪುಗಳು 2000-01ರಲ್ಲಿ ಶುರುವಾದಾಗಿನಿಂದ ವಾರ ವಾರ ಉಳಿತಾಯ ವಸೂಲು ಮಾಡಿ, ಪುಸ್ತಕ ಬರೆದು, ಕಟ್ಟದವರ ಮನೆ ಬಾಗಿಲಿಗೆ ಹೋಗಿ ಕೂತು, ಬ್ಯಾಂಕಿಗೆ ನಡೆದವರು ಯಾರು? ಊರಹಬ್ಬದ ಲೆಕ್ಕ ಹಬ್ಬ ಮುಗಿದ ಮೇಲೆ ಸಿಗುವುದು ಅಪರೂಪ. ನಿಮ್ಮ ಗುಂಪಿನ ಲೆಕ್ಕ ಹತ್ತು ರೂಪಾಯಿ ತಪ್ಪಿದರೂ ಆ ರಾತ್ರಿ ನಿಮಗೆ ನಿದ್ದೆ ಬರುವುದಿಲ್ಲ.

ಇನ್ನೊಂದು ಕಾರಣವೂ ಇದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಹಣ ಎತ್ತಿದವರಿಗೆ ಅದು ಯಾವುದಕ್ಕೆ ಹೋಗಬೇಕು ಎಂದು ಹೇಳುವ ಹಕ್ಕು ಬರುತ್ತದೆ. ತರಬೇತಿ ಉಚಿತ ನಿಜ, ಆದರೆ ತರಬೇತಿಗೆ ಹೋಗುವುದು ಉಚಿತವಲ್ಲ. ಪೇಟೆಯಲ್ಲಿ ಕೂತು ಯೋಜನೆ ಮಾಡುವವರಿಗೆ ಇದು ಹೊಳೆಯುವುದು ಕಡಿಮೆ. ಹುಡುಗಿ ಮೂರು ತಿಂಗಳು ಮನೆಯಲ್ಲಿ ಇಲ್ಲ ಅಂದರೆ ಬೆಳಗಿನ ಜಾವ ಕೊಟ್ಟಿಗೆ ಬಾಚುವವರು ಯಾರು, ಮೇವು ಕೊಯ್ದು ತರುವವರು ಯಾರು? ಅಮ್ಮನಿಗೆ ಸೊಂಟ ನೋವು, ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ನಿಮಗೆ ಉಚಿತವಾಯಿತು, ದೊಡ್ಡ ಉಪಕಾರ. ಆದರೆ ಬಸ್ಸೇ ಬರದ ಹಳ್ಳಿಯಿಂದ ಮುಖ್ಯರಸ್ತೆಯವರೆಗಿನ ಆಟೋಗೆ ದುಡ್ಡು ಬೇಕು, ಸಂಜೆ ತಡವಾದರೆ ಜೊತೆಗೊಬ್ಬರು ಬೇಕು.

ಹಸುಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ, ಇದು ನನ್ನ ಇಲಾಖೆಯ ವಿಷಯ. ತರಬೇತಿಗೆಂದು ಹೋದ ಹುಡುಗಿಯನ್ನೋ ಸೊಸೆಯನ್ನೋ ನಾಲ್ಕನೆಯ ದಿನ ವಾಪಸ್ ಕರೆಸಿಕೊಂಡ ಮನೆಗಳನ್ನು ನಾನು ನೋಡಿದ್ದೇನೆ. ಕಾರಣ ಕೇಳಿದರೆ, ಅವಳ ಕೈಗಲ್ಲದೆ ಬೇರೆಯವರಿಗೆ ಹಸು ಹಾಲು ಬಿಡಲ್ಲ. ಅದು ಸೋಗಲ್ಲ, ನಿಜ. ಕೆಚ್ಚಲು ತೊಳೆದು ಮೊಲೆ ಮುಟ್ಟಿದಾಗ ಹಸುವಿನ ಮಿದುಳಿನಿಂದ ಒಂದು ಹಾರ್ಮೋನು ರಕ್ತಕ್ಕೆ ಬಂದು ಹಾಲು ಇಳಿಯುತ್ತದೆ. ಅದರ ಪ್ರಭಾವ ಇರುವುದು ಕೆಲವೇ ನಿಮಿಷ. ಹೊಸ ಕೈ, ಹೊಸ ದನಿ, ಗದರಿಕೆ ಇದ್ದರೆ ಹಸು ಹೆದರುತ್ತದೆ, ಹೆದರಿದರೆ ಆ ಹಾರ್ಮೋನು ಕೆಲಸ ಮಾಡುವುದಿಲ್ಲ. ಕೆಚ್ಚಲಲ್ಲಿ ಹಾಲು ಉಳಿದುಬಿಡುತ್ತದೆ, ಬಾವಿಗೂ ದಾರಿಯಾಗುತ್ತದೆ. ಇದಕ್ಕೆ ಉಪಾಯ ಇದೆ. ಹುಡುಗಿ ಹೊರಡುವ ಒಂದು ವಾರ ಮೊದಲಿನಿಂದ ಬದಲಿ ಕರೆಯುವವರು ಅವಳ ಪಕ್ಕದಲ್ಲೇ ಕೂರಲಿ. ಮೊದಲೆರಡು ದಿನ ನೋಡಲಿ, ಮೂರನೆಯ ದಿನದಿಂದ ಕೊನೆಯ ಸ್ವಲ್ಪ ಹಾಲು ಅವರು ಕರೆಯಲಿ, ಆಮೇಲೆ ಪೂರ್ತಿ. ಹೊತ್ತು ತಪ್ಪಬಾರದು, ಹಿಂಡಿ ಬದಲಾಗಬಾರದು. ಬಹಳ ಹಸುಗಳು ಹೊಂದಿಕೊಳ್ಳುತ್ತವೆ.

ಆದರೆ ಆ ಬದಲಿ ಕೈಗೆ ಕೂಲಿ ಕೊಡಬೇಕಲ್ಲ! ಯಾವ ಯೋಜನೆಯ ಯಾವ ಕಾಗದದಲ್ಲೂ ಇದಕ್ಕೊಂದು ಕಲಂ ಇರುವುದನ್ನು ನಾನು ನೋಡಿಲ್ಲ. ನೀವು ಮುಂದಾಳಾದರೆ ಇದನ್ನು ಬರೆಸಬಹುದು. ಎತ್ತಿದ ಹಣದಲ್ಲಿ ಇಂತಿಷ್ಟು ಪಾಲು ಹಾಸ್ಟೆಲ್ ಊಟಕ್ಕೆ, ಇಂತಿಷ್ಟು ಒಂಟಿ ತಾಯಿ ಇರುವ ಮನೆಯ ಕೊಟ್ಟಿಗೆ ಕೆಲಸಕ್ಕೆ ಎಂದು ಷರತ್ತು ಹಾಕಿ ಕೊಡಿ. ನಾನು ಮುಂದಾಳಾಗಿದ್ದರೆ ಸಂಸ್ಥೆಯವರು ಕೊಟ್ಟ ಪಟ್ಟಿಯನ್ನೇ ಹಿಡಿದು ಓಡಾಡುತ್ತಿದ್ದೆನೋ ಏನೋ. ನಿಮಗೆ ಆ ಪಟ್ಟಿಯಲ್ಲಿ ಏನು ಇಲ್ಲ ಅನ್ನುವುದು ಗೊತ್ತು.

ಈಗ ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿರುವ, ಬಾಯಲ್ಲಿ ಬಾರದ ಮಾತಿಗೆ ಬರುತ್ತೇನೆ. ಕಲಿತ ಹುಡುಗಿ ತುಮಕೂರಿಗೋ ಬೆಂಗಳೂರಿಗೋ ಹೋಗುತ್ತಾಳೆ, ಹೈನ ಯಾರು ನೋಡುತ್ತಾರೆ? ನಮ್ಮ ಕಾಸಿನಲ್ಲೇ ನಮ್ಮ ಕೊಟ್ಟಿಗೆ ಖಾಲಿ ಮಾಡಿಕೊಳ್ಳಬೇಕೇ? ಹಾಲು ಒಕ್ಕೂಟದ ನೌಕರಳಾಗಿ ನಾನು ಇದಕ್ಕೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಡಬಹುದಿತ್ತು. ಕೊಡುವುದಿಲ್ಲ. ಹೌದು, ಕೆಲವರು ಹೋಗುತ್ತಾರೆ. ತರಬೇತಿ ಇಲ್ಲದೆಯೂ ಹೋಗುತ್ತಿದ್ದಾರೆ, ನೋಡುತ್ತಿದ್ದೀರಿ. ಗಾರ್ಮೆಂಟ್ಸ್ ವ್ಯಾನು ಬೆಳಿಗ್ಗೆ ಆರಕ್ಕೆ ಊರ ಬಾಗಿಲಿಗೆ ಬರುತ್ತದೆ. ಕೈಯಲ್ಲಿ ಕಸುಬಿಲ್ಲದೆ ಹೋದವಳು ಸಹಾಯಕಿಯಾಗಿ ಸೇರಿ ಸಹಾಯಕಿಯಾಗಿಯೇ ಇರುತ್ತಾಳೆ, ಮದುವೆಯಾದ ಮೇಲೆ ಅದೂ ಇಲ್ಲ. ಕಸುಬು ಕಲಿತವಳು ಮಕ್ಕಳಾದ ಮೇಲೂ ಮತ್ತೆ ಸೇರಬಲ್ಲಳು, ಗಂಡನ ಊರಿನಲ್ಲಿಯೂ ಕೆಲಸ ಹುಡುಕಬಲ್ಲಳು. ಇನ್ನು ಹೈನದ ಮಾತು. ಮನೆಯಲ್ಲಿ ಇನ್ನೊಂದು ಸಂಬಳ ಬರುವ ಕಡೆ ಹಸುಗಳು ಚೆನ್ನಾಗಿರುತ್ತವೆ ಎನ್ನುವುದು ನಾನು ನಿಮ್ಮ ಕೊಟ್ಟಿಗೆಗಳಲ್ಲಿ ಕಂಡದ್ದು. ಮಿನರಲ್ ಮಿಕ್ಸ್ಚರ್ ತಪ್ಪುವುದಿಲ್ಲ, ಜ್ವರ ಬಂದ ದಿನವೇ ಫೋನ್ ಬರುತ್ತದೆ, ಮೂರನೆಯ ದಿನವಲ್ಲ. ಮಗಳ ಸಂಬಳದಲ್ಲಿ ರಬ್ಬರ್ ಮ್ಯಾಟು ಹಾಕಿಸಿದ ಅಮ್ಮಂದಿರು ನಮ್ಮ ಮಾರ್ಗದಲ್ಲೇ ಇದ್ದಾರೆ.

ಅದಲ್ಲದೆ ಊರಿನಲ್ಲೇ ಇರುವ ಕೆಲಸಗಳಿಗೂ ತರಬೇತಿ ಕೇಳಿ. ಡೇರಿಯಲ್ಲಿ ಹಾಲು ಪರೀಕ್ಷೆ, ಕಂಪ್ಯೂಟರ್ ಲೆಕ್ಕ, ಪಶು ಸಖಿಯ ಕೆಲಸ ಇವೆಲ್ಲ ಹೆಣ್ಣುಮಕ್ಕಳು ಮಾಡುತ್ತಿರುವ ಕೆಲಸಗಳೇ. ಸಂಸ್ಥೆಯವರಿಗೆ ಇದು ಹೊಳೆದಿಲ್ಲದಿದ್ದರೆ ಹಣ ಕೊಡುವ ನೀವು ಹೊಳೆಯಿಸಿ.

ಹಣ ಎತ್ತುವ ಬಗೆ ಹೇಗೆ? ಬಟವಾಡೆಯಲ್ಲಿ ಕಡಿತ ಮಾಡಿಬಿಡೋಣ, ಸುಲಭ ಎಂದು ಯಾರಾದರೂ ಹೇಳುತ್ತಾರೆ. ದಯವಿಟ್ಟು ಒಪ್ಪಬೇಡಿ. ಪಶು ಆಹಾರ, ವಿಮೆ, ಸಾಲದ ಕಂತು ಎಂದು ಕಡಿತದ ಕಲಂ ಈಗಲೇ ಉದ್ದವಿದೆ. ಕೇಳದೆ ಕಡಿದ ಹತ್ತು ಪೈಸೆ ಕೂಡ ದಂಡದ ಹಾಗೆ ಕಾಣುತ್ತದೆ. ನನಗೆ ಒಪ್ಪಿಗೆಯಾಗಿರುವುದು ಒಂದು ಹೊತ್ತಿನ ಹಾಲು. ವರ್ಷಕ್ಕೊಂದು ದಿನ, ಒಂದು ಹೊತ್ತು, ಇಷ್ಟ ಇರುವವರು ಆ ಹೊತ್ತಿನ ಹಾಲಿನ ದುಡ್ಡನ್ನು ಕೊಡುವುದು. ಮೂರು ಲೀಟರು ಅಂತ ಹಿಡಿಯಿರಿ, ಲೀಟರಿಗೆ 35 ರೂಪಾಯಿ ಅಂತ ಹಿಡಿಯಿರಿ, ಹೆಚ್ಚು ಕಡಿಮೆ 100 ರೂಪಾಯಿ. ಸಂಘವೊಂದರಲ್ಲಿ 100 ಜನ ಕೊಟ್ಟರೆ 10 ಸಾವಿರ. 30 ಸಂಘಗಳಾದರೆ 3 ಲಕ್ಷ. ಈಗ ಖರ್ಚಿನ ಕಡೆ ನೋಡಿ. 30 ಹುಡುಗಿಯರು, 90 ದಿನ, ದಿನಕ್ಕೆ ಒಬ್ಬರ ಊಟಕ್ಕೆ 120 ರೂಪಾಯಿ ಹಿಡಿದರೆ 3 ಲಕ್ಷ 24 ಸಾವಿರ. ಒಂದು ತಂಡದ ಊಟ ಬಹುಪಾಲು ಅಲ್ಲೇ ಮುಗಿಯಿತು. ಉಳಿದದ್ದನ್ನು, ಬದಲಿ ಕೂಲಿಯ ಹಣವನ್ನು ಪೇಟೆಯ ಅಂಗಡಿಯವರಲ್ಲಿ, ಮೇಷ್ಟ್ರುಗಳಲ್ಲಿ, ಈ ಭಾಗದಿಂದ ಹೋಗಿ ಬೆಂಗಳೂರಿನಲ್ಲಿ ನೆಲೆಸಿದವರಲ್ಲಿ ಕೇಳಿ. ನಮ್ಮ ಹೆಂಗಸರು ಒಂದು ಹೊತ್ತಿನ ಹಾಲು ಕೊಟ್ಟಿದ್ದಾರೆ, ನೀವೆಷ್ಟು ಕೊಡುತ್ತೀರಿ ಎಂದು ಕೇಳಿದರೆ ಅವರು ಜೇಬಿಗೆ ಕೈ ಹಾಕುವ ರೀತಿಯೇ ಬೇರೆ ಇರುತ್ತದೆ. ಅಂಥವರು ಆದಾಯ ತೆರಿಗೆ ವಿನಾಯಿತಿಯ ರಸೀದಿ ಕೇಳಬಹುದು. ಸಂಸ್ಥೆಗೆ ಆ ನೋಂದಣಿ ಇದೆಯೇ ಎಂದು ಮೊದಲೇ ತಿಳಿದುಕೊಳ್ಳಿ. 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ ಆ ವಿನಾಯಿತಿ ಸಿಗುವುದಿಲ್ಲ, ಚೆಕ್ಕಿನಲ್ಲೋ ಬ್ಯಾಂಕ್ ಮೂಲಕವೋ ಕೊಡಲು ಹೇಳಿ.

ಹಸು ಹಾಲು ಬಿಟ್ಟಿರುವ ಮನೆಗೆ, ಹಸು ಸತ್ತ ಮನೆಗೆ ಆ ವರ್ಷ ಚಂದಾಕ್ಕೆ ಹೋಗಲೇಬೇಡಿ. ಅವರು ಕರೆದು ಕೊಟ್ಟರೂ ಮುಂದಿನ ವರ್ಷ ನೋಡೋಣ ಅನ್ನಿ. ಯಾರು ಕೊಟ್ಟರು ಎಂಬ ಪಟ್ಟಿ ಹಾಕಬೇಡಿ, ಕೊಡದವರ ಹೆಸರು ಅದರಿಂದಲೇ ಬಯಲಾಗುತ್ತದೆ. ಒಟ್ಟು ಎಷ್ಟು ಬಂತು, ಎಷ್ಟು ಹೋಯಿತು ಎನ್ನುವುದನ್ನು ಮಾತ್ರ ಡೇರಿಯ ಗೋಡೆಗೆ, ಹಾಲಿನ ದರಪಟ್ಟಿಯ ಪಕ್ಕದಲ್ಲಿ ಅಂಟಿಸಿ. ಹಣ ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆಗೇ ಹೋಗಬೇಕು. ಯಾರದೋ ಸ್ವಂತ ಮೊಬೈಲ್ ನಂಬರಿಗೆ ಫೋನ್‌ಪೇ ಮಾಡಿ ಅಂದರೆ ಅಲ್ಲಿಗೇ ನಿಲ್ಲಿಸಿ, ಅದು ನಮ್ಮೂರಿನ ಹುಡುಗನೇ ಆಗಿದ್ದರೂ. ಸಂಘದ ಲಾಭದಿಂದಲೂ ಏನಾದರೂ ಕೊಡಬೇಕೆಂದರೆ ಅದು ಸಾಮಾನ್ಯ ಸಭೆಯಲ್ಲಿ, ಕಾಯ್ದೆ ಮತ್ತು ಬೈಲಾ ನೋಡಿ, ಠರಾವು ಬರೆದು ಆಗಬೇಕು.

ಸಂಸ್ಥೆಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಎಷ್ಟು ಜನಕ್ಕೆ ತರಬೇತಿ ಕೊಟ್ಟೆವು ಎಂದು ಅವರು ಮೊದಲು ಹೇಳುತ್ತಾರೆ. ನಾನು ತಿಂಗಳಿಗೆ ಎಷ್ಟು ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿದೆ ಎಂದು ಹೇಳಿದರೆ ನೀವು ಒಪ್ಪುತ್ತೀರಾ? ಗಬ್ಬ ಎಷ್ಟು ನಿಂತವು, ಕರು ಎಷ್ಟು ಹುಟ್ಟಿದವು ಅನ್ನುತ್ತೀರಿ. ಅಲ್ಲೂ ಹಾಗೆಯೇ ಕೇಳಿ. ಸೇರಿದವರೆಷ್ಟು, ಮುಗಿಸಿದವರೆಷ್ಟು, ಮುಗಿಸಿ ಆರು ತಿಂಗಳಾದ ಮೇಲೂ ಕೆಲಸದಲ್ಲಿ ಇರುವವರೆಷ್ಟು, ಅವರ ಕೈಗೆ ಬರುವ ಸಂಬಳವೆಷ್ಟು. ನಡುವೆ ಬಿಟ್ಟವರ ಮನೆಗೆ ನೀವೇ ಹೋಗಿ ಕಾರಣ ಕೇಳಿ, ಸಂಸ್ಥೆಯವರ ಬಾಯಿಂದಲ್ಲ. ಹಾಸ್ಟೆಲ್ಲಿನಲ್ಲಿ ರಾತ್ರಿ ಹೆಂಗಸು ವಾರ್ಡನ್ ಇರುತ್ತಾರೆಯೇ, ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇದೆಯೇ ಎಂದು ಹೇಳದೇ ಕೇಳದೇ ಒಂದು ದಿನ ಹೋಗಿ ನೋಡಿ ಬನ್ನಿ. ಹೋದ ವರ್ಷದ ಆಡಿಟ್ ವರದಿ ತೋರಿಸಿ ಅನ್ನಿ. ಓದಲು ಬರುವ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ, ಅವಳಿಗೂ ಅದೊಂದು ತರಬೇತಿಯೇ.

ಉಚಿತ ತರಬೇತಿ ಎಂಬ ಬೋರ್ಡು ಹಾಕಿಕೊಂಡು ಕೊನೆಗೆ ನೋಂದಣಿಗೆ ಇಷ್ಟು, ಸಮವಸ್ತ್ರಕ್ಕೆ ಇಷ್ಟು, ಕೆಲಸ ಗ್ಯಾರಂಟಿಗೆ ಇಷ್ಟು ಎಂದು ಕೈ ಚಾಚುವವರೂ ತಿರುಗಾಡುತ್ತಿದ್ದಾರೆ. ಕಲಿಯುವ ಹುಡುಗಿಯಿಂದ ಹಣ ಕೇಳಿದರೆ ಅದು ಉಚಿತವಲ್ಲ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಅಂದರೆ ಅಲ್ಲಿ ಸೇರಿಸಲೇಬೇಡಿ. ನೀವು ಮುಂದಾಳುಗಳಾಗಿ ಓಡಾಡುತ್ತಿದ್ದರೆ ಇಂಥವರ ಸುದ್ದಿ ಒಂದು ಊರಿನಿಂದ ಇನ್ನೊಂದಕ್ಕೆ ಬೇಗ ತಲುಪುತ್ತದೆ.

ಸೆಪ್ಟೆಂಬರಿನಲ್ಲಿ ನಿಮ್ಮ ಸಂಘಗಳ ವಾರ್ಷಿಕ ಸಾಮಾನ್ಯ ಸಭೆಗಳು ನಡೆಯುತ್ತವೆ. ಇತರೆ ವಿಷಯಗಳು ಎಂಬಲ್ಲಿ ಈ ಮಾತು ಎತ್ತಿ. ಮಧುಗಿರಿ ಕಡೆಯಿಂದ ಇಬ್ಬರು, ಕೊರಟಗೆರೆ ಕಡೆಯಿಂದ ಒಬ್ಬರು, ಪಾವಗಡದಿಂದ ಒಬ್ಬರು ಸಿಕ್ಕರೆ ಸಾಕು, ಶುರು ಮಾಡಬಹುದು. ಅವರಲ್ಲಿ ಒಬ್ಬರಾದರೂ ಮಗಳನ್ನು ತರಬೇತಿಗೆ ಕಳಿಸಿದವರಾಗಿರಲಿ, ಒಬ್ಬರಾದರೂ ಕಳಿಸಲು ಆಗದೆ ಹೋದವರಾಗಿರಲಿ. ಹೆಸರುಗಳನ್ನು ನಿಮ್ಮ ಮಾರ್ಗದ ವಿಸ್ತರಣಾಧಿಕಾರಿಗಳ ಹತ್ತಿರ ಬರೆಸಿ, ಅವರು ಸಂಸ್ಥೆಯವರಿಗೆ ತಲುಪಿಸುತ್ತಾರೆ. ಬದಲಿ ಕೈಗೆ ಹಸು ಒಗ್ಗಿಸುವುದನ್ನು ತೋರಿಸಿಕೊಡಲು ಯಾರ ಮನೆಗೆ ಬೇಕಾದರೂ ಬರುತ್ತೇನೆ, ಬೆಳಗಿನ ಹಾಲಿನ ಹೊತ್ತಿಗೇ ಬರುತ್ತೇನೆ. ಹಿಂದಿನ ದಿನ ಒಂದು ಫೋನ್ ಮಾಡಿ.